ಹುಳ ಹತ್ತುವ ಮರವನ್ನೇ ನೆಡಿ

ಮನೆ ಮುಂದೆ ಒಂದು ಮರ ಬೆಳೆಸಬೇಕು, ಹಕ್ಕಿ ಬಂದು ಗೂಡು ಕಟ್ಟಬೇಕು, ಯಾವ ಮರ ನೆಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು. ಹುಳ ಹತ್ತುವ ಮರ ನೆಡಿ. ಕೇಳಿದವರು ನಗುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಹಣ್ಣಿನ ಮರ. ಕೆಂಪು ಹಣ್ಣು, ಅದನ್ನು ಕುಕ್ಕುವ ಹಕ್ಕಿ, ಪಕ್ಕದ ಕೊಂಬೆಯಲ್ಲೇ ಗೂಡು. ಹಣ್ಣಿಗೆ ಹಕ್ಕಿ ಬರುತ್ತದೆ, ಸುಳ್ಳಲ್ಲ. ಆದರೆ ತಿಂದು ಹೋಗೋಕೆ ಬರುವುದು ಬೇರೆ, ಮರಿ ಮಾಡೋಕೆ ಉಳಿಯುವುದು ಬೇರೆ.

ಮರಿಗೆ ಬೇಕಾಗಿರುವುದು ಹುಳ. ದಿನವಿಡೀ ಹಣ್ಣು ತಿನ್ನುವ ಪಿಕಳಾರ ಕೂಡ ಆಗತಾನೇ ಮೊಟ್ಟೆಯೊಡೆದ ಮರಿಯ ಬಾಯಿಗೆ ಮೊದಲು ಇಡುವುದು ಮೆತ್ತಗಿನ ಹುಳವನ್ನೇ. ಮಕರಂದ ಕುಡಿಯುವ ಸೂರಕ್ಕಿ ಮರಿಗಳಿಗಾಗಿ ಸಣ್ಣ ಜೇಡ, ನೊಣ ಹಿಡಿದು ತರುತ್ತದೆ. ಕಾಳು ತಿನ್ನುವ ಗುಬ್ಬಚ್ಚಿಯದೂ ಇದೇ ಕಥೆ. ಪಾರಿವಾಳದ ಜಾತಿಯವು ಮಾತ್ರ ಬೇರೆ, ಅವು ತಮ್ಮ ಗಂಟಲಚೀಲದಲ್ಲೇ ಹಾಲಿನಂಥದ್ದೊಂದು ತಯಾರಿಸಿ ಮರಿಗೆ ಕುಡಿಸುತ್ತವೆ. ಅದಕ್ಕೇ ಇರಬೇಕು, ಹುಳ ಹುಪ್ಪಟೆ ಏನೂ ಇಲ್ಲದ ಕಾಂಕ್ರೀಟ್ ಕಟ್ಟಡಗಳಲ್ಲೂ ಅವು ಆರಾಮವಾಗಿ ಸಂಸಾರ ಮಾಡಿಕೊಂಡಿರುವುದು.

ಎಷ್ಟು ಹುಳ ಬೇಕು? ಅಮೆರಿಕದಲ್ಲಿ ಚಿಕಡಿ ಅನ್ನುವ ಪುಟ್ಟ ಹಕ್ಕಿ ಇದೆ. ತೂಕ ಹತ್ತು ಗ್ರಾಂ ಆಸುಪಾಸು. ಡೆಲವೇರ್ ವಿಶ್ವವಿದ್ಯಾಲಯದ ಕೀಟತಜ್ಞ ಡಗ್ ಟಾಲಮಿ ಆ ಹಕ್ಕಿಯ ಲೆಕ್ಕ ಕೊಡುತ್ತಾರೆ. ಒಂದು ಗೂಡಿನ ಮರಿಗಳು ಹಾರುವಷ್ಟರಲ್ಲಿ ತಂದೆ ತಾಯಿ ಸೇರಿ 6,000ದಿಂದ 9,000 ಹುಳಗಳನ್ನು ಹೊತ್ತು ತರುತ್ತವಂತೆ. ಓದಿದಾಗ ನನಗೆ ಮೊದಲು ಬಂದ ಯೋಚನೆ, ಇಷ್ಟು ಹುಳ ಒಂದು ಮನೆಯ ಅಂಗಳದಲ್ಲಿ ಸಿಗಬೇಕಾದರೆ ಆ ಅಂಗಳ ಹೇಗಿರಬೇಕು ಅಂತ. ಅದಕ್ಕೂ ಉತ್ತರ ಇದೆ. ಟಾಲಮಿ ಮತ್ತು ಜೊತೆಗಾರರು ವಾಷಿಂಗ್ಟನ್ ಸುತ್ತಮುತ್ತಲ ಮನೆಗಳ ಅಂಗಳಗಳನ್ನು ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಗಳದ ಹಸಿರಿನಲ್ಲಿ ಆ ನೆಲದ್ದೇ ಆದ ಗಿಡಮರಗಳ ಪಾಲು ಶೇಕಡ 70ಕ್ಕಿಂತ ಕಡಿಮೆಯಾದರೆ ಚಿಕಡಿಗಳು ತಮ್ಮ ಸಂಖ್ಯೆ ಉಳಿಸಿಕೊಳ್ಳುವಷ್ಟು ಮರಿ ಮಾಡಲಾರವು ಅಂತ ಅದು ಹೇಳುತ್ತದೆ. ಕಾರಣ ಸರಳ. ಹೊರಗಿನಿಂದ ಬಂದ ಮರದ ಎಲೆ ಇಲ್ಲಿನ ಹುಳಗಳಿಗೆ ಹಿಡಿಸುವುದಿಲ್ಲ. ಎಲೆಗೆ ಹುಳ ಹತ್ತುವುದಿಲ್ಲ, ನಮಗೆ ನೋಡಲು ಚೆಂದ, ಹಕ್ಕಿಗೆ ಖಾಲಿ ಬೀರು.

ನಾನು ನೆಟ್ಟಿದ್ದು ಕರಿಬೇವು. ಇದರಲ್ಲಿ ದೊಡ್ಡ ಜಾಣತನ ಏನೂ ಇಲ್ಲ. ಇದ್ದ ಜಾಗ ಸಣ್ಣದು, ಮೇಲೆ ಕರೆಂಟಿನ ತಂತಿ, ಕೆಳಗೆ ನೀರಿನ ಪೈಪು. ಅತ್ತಿ, ನೇರಳೆ, ಹೊಂಗೆ ಅಂತೆಲ್ಲ ಆಸೆ ಪಡುವ ಹಾಗಿರಲಿಲ್ಲ. ಕರಿಬೇವು ಹದಿನೈದು ಇಪ್ಪತ್ತು ಅಡಿಗೆ ನಿಲ್ಲುತ್ತದೆ. ಬಿಳಿ ಹೂವಿನ ಗೊಂಚಲಿಗೆ ಜೇನು, ಕಪ್ಪು ಹಣ್ಣಿಗೆ ಪಿಕಳಾರ ಮತ್ತು ಕೋಗಿಲೆ. ಎಲ್ಲಕ್ಕಿಂತ ಮುಖ್ಯವಾಗಿ ಎಲೆಗೆ ಚಿಟ್ಟೆಯ ಹುಳ. ನಿಂಬೆ ಜಾತಿಯ ಗಿಡಗಳ ಮೇಲೆ ಮೊಟ್ಟೆಯಿಡುವ ದೊಡ್ಡ ಕಪ್ಪು ಚಿಟ್ಟೆಗಳು ಇದಕ್ಕೂ ಬರುತ್ತವೆ, ಯಾಕೆಂದರೆ ಕರಿಬೇವು ಅದೇ ಕುಟುಂಬದ್ದು.

ಆ ಹುಳವನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಸಣ್ಣದಿರುವಾಗ ಅದು ಥೇಟ್ ಹಕ್ಕಿ ಹಿಕ್ಕೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಒದ್ದೆ ಒದ್ದೆ ಹೊಳಪು. ಎಲೆಯ ನಟ್ಟನಡುವೆ ರಾಜಾರೋಷವಾಗಿ ಕೂತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ದೊಡ್ಡದಾದ ಮೇಲೆ ಹಿಕ್ಕೆ ಅಂತ ನಂಬಿಸೋಕಾಗುತ್ತಾ? ಆಗ ಪೊರೆ ಕಳಚಿ ಎಲೆಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಪಟ್ಟಂತ ಹೊರಬರುತ್ತದೆ. ಜೊತೆಗೆ ಒಂದು ಘಾಟು ವಾಸನೆ. ಇರುವೆಗಳಂಥವರನ್ನು ಹೆದರಿಸೋಕೆ ಅದು ಸಾಕು. ನಮ್ಮ ಪಿಕಳಾರ ಹೆದರಿದ್ದನ್ನು ನಾನು ನೋಡಿಲ್ಲ. ಕೊಂಬೆಗೆ ನಾಲ್ಕು ಸಲ ಬಡಿದು, ಕೊಕ್ಕಿನಲ್ಲಿ ಉದ್ದಕ್ಕೆ ಹಿಡಿದು ಹಾರುತ್ತದೆ.

ಹುಳ ಹತ್ತಿದ ವರ್ಷ ಗಿಡ ನೋಡೋಕೆ ಚೆನ್ನಾಗಿರುವುದಿಲ್ಲ, ಅದನ್ನು ಒಪ್ಪಲೇಬೇಕು. ಒಂದು ಕಡೆ ಬರೀ ಕಡ್ಡಿ. ಪಕ್ಕದ ಮನೆ ಅಂಕಲ್ ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿ, "ಔಷಧಿ ಹೊಡೀಬಾರದೇನಮ್ಮಾ? ಗಿಡ ಹಾಳಾಗ್ತಿದೆ" ಅಂದರು. ಹೊಡೆಯಲಿಲ್ಲ. ಹುಳ ಪೂರ್ತಿ ಹೋಗಲಿ ಅಂತ ಔಷಧಿ ಹೊಡೆದರೆ ಸಾಯುವುದು ಹುಳ ಒಂದೇ ಅಲ್ಲ, ಸತ್ತದ್ದನ್ನೂ ಅರೆಸತ್ತದ್ದನ್ನೂ ಹಕ್ಕಿ ಮರಿಗೆ ತಿನ್ನಿಸುತ್ತದೆ. ಗಿಡದ ಚಿಂತೆ ಬೇಡ. ಬೇರು ಗಟ್ಟಿಯಿದ್ದರೆ ಒಂದು ಒಳ್ಳೆ ಮಳೆಗೆ ಮತ್ತೆ ಚಿಗುರುತ್ತದೆ. ಎಲೆ ಕಳೆದುಕೊಂಡು ಮತ್ತೆ ಬಿಡುವುದು ಮರಕ್ಕೆ ಹೊಸ ವಿಷಯವೇನಲ್ಲ.

ಗಸಗಸೆ ಹಣ್ಣಿನ ಮರ ನೆಡಿ, ಬೇಗ ಬೆಳೆಯುತ್ತದೆ ಅನ್ನುವವರು ಜಾಸ್ತಿ. ಬೆಳೆಯುತ್ತದೆ, ಹೌದು. ವರ್ಷವಿಡೀ ಹಣ್ಣು ಕೊಡುತ್ತದೆ, ಹಗಲು ಹಕ್ಕಿ, ರಾತ್ರಿ ಬಾವಲಿ. ಉಷ್ಣವಲಯದ ಅಮೆರಿಕದಿಂದ ಬಂದ ಮರ ಅದು. ಮರದ ತಿರುಳು ಮೆತ್ತಗೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಜಾಗ ದಂಡಿಯಾಗಿದ್ದರೆ ಅದೂ ಒಂದು ಇರಲಿ. ಒಂದೇ ಒಂದು ಮರಕ್ಕೆ ಜಾಗ ಇರುವವರು ಅದನ್ನು ಆರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.

ನೆಡುವ ಕೆಲಸದ ಬಗ್ಗೆ ಹೇಳುವುದು ಸ್ವಲ್ಪವೇ ಇದೆ, ಆದರೆ ಆ ಸ್ವಲ್ಪದಲ್ಲೇ ಮರದ ಆಯುಷ್ಯ ಇದೆ. ಗುಂಡಿ ಅಗಲ ಇರಬೇಕು, ಆಳ ಬೇಡ. ಬೇರಿನ ಮಣ್ಣುಗಡ್ಡೆ ಎಷ್ಟು ಆಳವೋ ಅಷ್ಟೇ ಆಳ, ಅಗಲ ಮಾತ್ರ ಅದರ ಎರಡರಷ್ಟು. ಕಾಂಡ ಮುಗಿದು ಬೇರು ಶುರುವಾಗುವ ಜಾಗ ನೆಲದ ಮಟ್ಟಕ್ಕೇ ಇರಬೇಕು. ಆಳಕ್ಕೆ ಹೂತರೆ ಗಿಡ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ನಿಜಕ್ಕೂ ಆಗುವುದು ಕಾಂಡ ಕೊಳೆಯುವುದು. ಪ್ಲಾಸ್ಟಿಕ್ ಚೀಲ ಪೂರ್ತಿ ಹರಿದು ತೆಗೆಯಿರಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬೆರಳಲ್ಲಿ ಬಿಡಿಸಿ, ಬಿಡದಿದ್ದರೆ ಕತ್ತರಿಸಿ. ಹಾಗೇ ನೆಟ್ಟರೆ ವರ್ಷಗಳ ನಂತರ ಅದೇ ಬೇರು ದಪ್ಪವಾಗಿ ಮರದ ಬುಡವನ್ನೇ ಬಿಗಿಯುತ್ತದೆ.

ಆಸರೆ ಕೋಲಿಗೆ ಬಿಗಿಯಾಗಿ ಕಟ್ಟಬೇಡಿ. ಸಸಿ ಗಾಳಿಗೆ ಅಲ್ಲಾಡಬೇಕು, ಅಲ್ಲಾಡಿದಷ್ಟೂ ಕಾಂಡ ದಪ್ಪವಾಗುತ್ತದೆ. ಒಂದು ವರ್ಷದ ಮೇಲೆ ಕೋಲು ಬೇಕಾಗುವುದಿಲ್ಲ. ಬುಡದ ಸುತ್ತ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ದಿನಾ ಒಂದು ಚೊಂಬು ನೀರು ಹುಯ್ಯುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬಕೆಟ್ ತುಂಬ ನಿಧಾನಕ್ಕೆ ಇಳಿಸುವುದು ವಾಸಿ. ಮೇಲೆ ಮೇಲೆ ನೀರು ಸಿಕ್ಕರೆ ಬೇರು ಕೆಳಗಿಳಿಯುವ ಗೋಜಿಗೇ ಹೋಗುವುದಿಲ್ಲ.

ಎಲ್ಲಿ ನೆಡಬೇಕು ಅನ್ನುವುದರ ಬಗ್ಗೆ ನಮ್ಮನೆಯಲ್ಲಿ ಜಗಳವೇ ಆಯಿತು. ನಮ್ಮನೆಯವರಿಗೆ ಹಾಲ್‌ನ ದೊಡ್ಡ ಕಿಟಕಿ ಎದುರಿಗೇ ಬೇಕು, ಸೋಫಾದಲ್ಲಿ ಕೂತು ಹಕ್ಕಿ ನೋಡೋಕೆ. ಗೋಡೆಯಿಂದ ಕನಿಷ್ಠ ಎರಡು ಮೀಟರ್ ಬಿಡೋಣ ಅಂತ ನಾನು. ಕೊನೆಗೆ ಎರಡೂ ಆಗುವ ಜಾಗ ಸಿಕ್ಕಿತು, ಆದರೆ ಗಾಜಿನ ಸಮಸ್ಯೆ ಉಳಿಯಿತು. ಗಾಜಿನಲ್ಲಿ ಮರದ ಪ್ರತಿಬಿಂಬ ಕಂಡರೆ ಹಕ್ಕಿ ಅದನ್ನೇ ನಿಜವಾದ ಮರ ಅಂದುಕೊಂಡು ನೇರ ಬಂದು ಬಡಿಯುತ್ತದೆ. ಅದಕ್ಕೆ ಗಾಜಿನ ಹೊರಮೈಗೆ ಸಣ್ಣ ಚುಕ್ಕಿಗಳನ್ನು ಅಂಟಿಸಿದ್ದೇವೆ, ಚುಕ್ಕಿಯಿಂದ ಚುಕ್ಕಿಗೆ ಐದು ಸೆಂಟಿಮೀಟರ್. ಗಿಡುಗದ ಚಿತ್ರ ಒಂದನ್ನೇ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ಚಿತ್ರ ಇಲ್ಲದ ಜಾಗಕ್ಕೆ ಹಕ್ಕಿ ಬಂದು ಬಡಿಯುತ್ತದೆ ಅಷ್ಟೆ.

ಮೊದಲ ವರ್ಷಗಳಲ್ಲಿ ಗೂಡು ಬರಲಿಲ್ಲ. ಬರುವುದೂ ಇಲ್ಲ. ಹಕ್ಕಿ ನೋಡುವುದು ಎತ್ತರವನ್ನಲ್ಲ, ಮರೆಯನ್ನು. ಪಿಕಳಾರ ನನ್ನ ಎದೆಮಟ್ಟದ ಪೊದೆಯಲ್ಲೂ ಗೂಡು ಕಟ್ಟುತ್ತದೆ, ಮರೆ ಇದ್ದರೆ. ನಮ್ಮ ಕರಿಬೇವು ಉದ್ದಕ್ಕೆ ಬೆಳೆಯುತ್ತಿತ್ತು, ತುದಿಯಲ್ಲಿ ಮಾತ್ರ ಎಲೆ. ತುದಿ ಚಿವುಟಿದ ಮೇಲೆ ಪಕ್ಕದ ಕೊಂಬೆಗಳು ಬಂದವು, ಬುಡದಿಂದ ಮರಿಸಸಿಗಳೂ ಎದ್ದವು. ಅವನ್ನು ಕೀಳದೆ ಬಿಟ್ಟೆ. ಜೊತೆಗೆ ಪಕ್ಕದಲ್ಲಿ ಒಂದು ದಾಸವಾಳ. ಈ ಮೂರು ಸೇರಿ ಒಂದು ಗುಂಪಾದಾಗ ಹಕ್ಕಿಗಳ ನಡವಳಿಕೆ ಬದಲಾಯಿತು. ಅಲ್ಲಿಯವರೆಗೆ ಬಂದು ಕೂತು ಹೋಗುತ್ತಿದ್ದವು. ಈಗ ಒಳಗೆ ನುಗ್ಗಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಜಾಗ ನೋಡುತ್ತಿದ್ದವು.

ಇನ್ನು ಬಲೆಯ ವಿಷಯ. ಇದೇ ನನಗೆ ಹೇಳಬೇಕಾಗಿದ್ದ ದೊಡ್ಡ ವಿಷಯ.

ನಮ್ಮ ಅತ್ತೆಗೆ ಜೇಡರ ಬಲೆ ಕಂಡರಾಗದು. ಸೂರಿನ ಮೂಲೆ, ಕಿಟಕಿಯ ಸಂದು, ಗೇಟಿನ ಕಂಬಿ, ಎಲ್ಲಿ ಕಂಡರೂ ಉದ್ದ ಪೊರಕೆ ಹಿಡಿದು ಹೊರಡುತ್ತಾರೆ. ಮನೆ ಅಂದರೆ ಹಾಗೇ ಇರಬೇಕು ಅನ್ನುವುದು ಅವರ ಲೆಕ್ಕ, ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಸೂರಕ್ಕಿ ಗೂಡು ಕಟ್ಟೋಕೆ ಶುರು ಮಾಡಿದ ದಿನ ನಾನು ಅವರನ್ನು ವರಾಂಡಾಕ್ಕೆ ಕರೆದು ತೋರಿಸಿದೆ. ಹೆಣ್ಣು ಹಕ್ಕಿ ಸೂರಿನ ಮೂಲೆಗೆ ಬಂದು, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ, ಬಲೆಯನ್ನು ಕೊಕ್ಕಿಗೆ ಸುತ್ತಿಕೊಂಡು ಎಳೆಯಿತು. ಎಳೆ ಉದ್ದಕ್ಕೆ ಬಂತು, ಹರಿಯಲಿಲ್ಲ. ಹಾಗೇ ಎಳೆದುಕೊಂಡು ಹೋಗಿ ಕರಿಬೇವಿನ ಕೊಂಬೆ ತುದಿಗೆ ಸುತ್ತಿತು. ಮತ್ತೆ ಬಂತು.

ಅತ್ತೆ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ, "ಇಷ್ಟು ದಿನ ನಾನು ಇದರ ಸಾಮಾನೆಲ್ಲ ಗುಡಿಸಿ ಹಾಕ್ತಿದ್ನಾ?" ಅಂದರು. ಅಂದಿನಿಂದ ನಮ್ಮಿಬ್ಬರಿಗೂ ಒಂದು ಒಪ್ಪಂದ ಆಗಿದೆ. ಹೊಸಿಲಿನ ಒಳಗಿನ ಬಲೆ ಅವರ ಪೊರಕೆಗೆ, ಹೊರಗಿನದು ಹಕ್ಕಿಗೆ. ನೆಂಟರು ಬಂದಾಗ ಮಾತ್ರ ಅವರ ಕೈ ತುರಿಸುತ್ತದೆ.

ಸೂರಕ್ಕಿಯ ಗೂಡು ನೋಡಿದವರಿಗೆ ಮೊದಲು ಕಸ ಅಂತಲೇ ಅನ್ನಿಸುತ್ತದೆ. ಕೊಂಬೆಯಿಂದ ಒಂದು ಉದ್ದನೆಯ ಚಿಂದಿ ನೇತಾಡುತ್ತಿರುವ ಹಾಗೆ. ಒಣ ಎಲೆ, ತೊಗಟೆಯ ಚೂರು, ಹುಳದ ಹಿಕ್ಕೆ, ಕಾಗದದ ಚೂರು, ಎಲ್ಲವನ್ನೂ ಬಲೆಯಿಂದ ಅಂಟಿಸಿರುತ್ತದೆ. ಕೆಳಗೆ ಒಂದು ಬಾಲ ಜೋತುಬಿದ್ದಿರುತ್ತದೆ. ಇದು ಅದರ ಸೋಮಾರಿತನ ಅಲ್ಲ, ಗೂಡಿನಂತೆ ಕಾಣಬಾರದು ಅನ್ನುವ ಉಪಾಯ. ಪಕ್ಕದಲ್ಲಿ ಒಂದು ಸಣ್ಣ ಬಾಗಿಲು, ಅದರ ಮೇಲೆ ಮಳೆ ನೀರು ಒಳಗೆ ಬೀಳದಂತೆ ಪುಟ್ಟ ಚಾಚು. ಒಳಗೆ ಎಕ್ಕದ ಕಾಯಿಯಲ್ಲಿ ಬರುತ್ತದಲ್ಲ, ಅಂಥ ರೇಷ್ಮೆ ಅರಳೆ. ಮೊಟ್ಟೆ ಎರಡು. ಬಲೆಯ ಎಳೆ ಹಿಗ್ಗುತ್ತದೆ, ಹರಿಯುವುದಿಲ್ಲ. ಗಾಳಿಗೆ ಗೂಡು ಇಷ್ಟುದ್ದ ತೂಗಿದರೂ ಕೊಂಬೆ ಬಿಡುವುದಿಲ್ಲ. ಕಟ್ಟುವ ಕೆಲಸವೆಲ್ಲ ಬಹುಪಾಲು ಹೆಣ್ಣಿನದೇ. ಗಂಡು ಪಕ್ಕದ ತಂತಿಯ ಮೇಲೆ ಕೂತು ಕಿರುಚುತ್ತಿರುತ್ತದೆ. ಇದಕ್ಕೆ ಅತ್ತೆ ಏನೋ ಒಂದು ಮಾತು ಹೇಳಿದರು, ಅದು ಇಲ್ಲಿ ಬೇಡ.

ದಾಸವಾಳದಲ್ಲಿ ಟುವ್ವಿ ಹಕ್ಕಿ ಬಂತು. ಸಿಂಪಿಗ ಅಂತಲೂ ಕರೆಯುತ್ತಾರೆ. ಎಲೆಯ ಅಂಚಿಗೆ ಕೊಕ್ಕಿನಿಂದ ಸೂಜಿಮೊನೆಯಷ್ಟು ತೂತು ಮಾಡಿ, ಅದರೊಳಗೆ ಅರಳೆಯನ್ನೋ ಬಲೆಯನ್ನೋ ತೂರಿಸುತ್ತದೆ. ಇದು ನಾವು ಬಟ್ಟೆ ಹೊಲಿದ ಹಾಗೆ ಒಂದೇ ದಾರ ಓಡಿಸುವುದಲ್ಲ. ಒಂದೊಂದು ಹೊಲಿಗೆಯೂ ಬೇರೆ ಬೇರೆ. ತೂರಿಸಿದ ಎಳೆಯ ತುದಿ ಆಚೆ ಕಡೆ ಅರಳಿ ಗುಂಡಿಯಂತೆ ಉಬ್ಬುತ್ತದೆ, ಹಿಂದಕ್ಕೆ ಬರುವುದಿಲ್ಲ. ಗಂಟು ಹಾಕುವ ಕೆಲಸವೇ ಇಲ್ಲ. ಎಲೆ ಮರದಲ್ಲೇ ಇರುವುದರಿಂದ ಹಸಿರಾಗಿಯೇ ಇರುತ್ತದೆ, ಗೂಡು ಒಳಗೆ ಅಡಗಿರುತ್ತದೆ. ಅದು ಅಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಮರಿಗಳ ಸದ್ದಿನಿಂದ.

ಪಿಕಳಾರದ ಗೂಡು ಮಾತ್ರ ಬಟಾಬಯಲು. ಕರಿಬೇವಿನ ಎರಡು ಕೊಂಬೆ ಕವಲೊಡೆದ ಜಾಗದಲ್ಲಿ ಒಂದು ಬಟ್ಟಲು. ನಾರು, ಕಡ್ಡಿ, ಒಣ ಎಲೆ. ಒಂದು ಕಡೆ ಪ್ಲಾಸ್ಟಿಕ್ ಚೀಲದ ಪಟ್ಟಿ ಹೆಣೆದಿತ್ತು. ಮೊಟ್ಟೆ ನಸುಗುಲಾಬಿ, ಮೇಲೆ ಕೆಂಗಂದು ಚುಕ್ಕೆ. ದಿನಕ್ಕೊಂದರಂತೆ ಎರಡು ಮೂರು ಮೊಟ್ಟೆ ಇಡುತ್ತದೆ. ಹೆಚ್ಚು ಕಡಿಮೆ 12 ದಿನ ಕಾವು, ಮೊಟ್ಟೆ ಒಡೆದ ಮೇಲೆ ಇನ್ನೊಂದು 12 ದಿನಕ್ಕೆ ಮರಿ ಗೂಡು ಬಿಡುತ್ತದೆ. ಅಷ್ಟೇ. ಒಂದು ತಿಂಗಳೂ ಇಲ್ಲ. ಗೂಡು ಹಕ್ಕಿಗೆ ತೊಟ್ಟಿಲಿದ್ದ ಹಾಗೆ, ಮರಿ ಎದ್ದು ಹೋದ ಮೇಲೆ ಅದರ ಕೆಲಸ ಮುಗಿಯಿತು. "ಗೂಡು ಖಾಲಿಯಾಗಿದೆ, ಹಕ್ಕಿ ವಾಪಸ್ ಬರುತ್ತಾ?" ಅಂತ ನಮ್ಮ ಮಗ ವಾರಗಟ್ಟಲೆ ಕೇಳುತ್ತಿದ್ದ. ಮರಕ್ಕೆ ಬರುತ್ತೆ ಕಣೋ, ಆ ಗೂಡಿಗೆ ಬರಲ್ಲ ಅಂತ ಹೇಳಿದರೆ ಅವನಿಗೆ ಬೇಜಾರು.

ಮರಿಗಳಿರುವ ಗೂಡು ಯಾಕೆ ಗಲೀಜಾಗುವುದಿಲ್ಲ ಅಂತ ಎಂದಾದರೂ ಯೋಚಿಸಿದ್ದೀರಾ? ನಾನು ಯೋಚಿಸಿರಲಿಲ್ಲ. ಬೈನಾಕ್ಯುಲರ್ ಹಿಡಿದು ಕೂತಾಗ ಕಂಡಿತು. ತಾಯಿ ಹುಳ ತಿನ್ನಿಸುತ್ತದೆ. ತಿಂದ ಮರಿ ಕೂಡಲೇ ತಿರುಗಿ ಹಿಂಭಾಗ ಎತ್ತುತ್ತದೆ. ಹಿಕ್ಕೆ ಬಿಳಿ ಮುತ್ತಿನಂತೆ, ಒಂದು ತೆಳು ಪೊರೆಯ ಚೀಲದಲ್ಲಿ ಹೊರಬರುತ್ತದೆ. ತಾಯಿ ಅದನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗಿ ದೂರ ಎಸೆಯುತ್ತದೆ. ಮರಿ ತೀರಾ ಎಳೆಯದಿರುವಾಗ ಎಸೆಯುವುದಿಲ್ಲ, ನುಂಗಿಬಿಡುತ್ತದೆ. ಆಗ ಮರಿಯ ಹೊಟ್ಟೆ ಎಲ್ಲವನ್ನೂ ಪೂರ್ತಿ ಅರಗಿಸಿರುವುದಿಲ್ಲ, ಅದರಲ್ಲಿ ಇನ್ನೂ ಸತ್ವ ಉಳಿದಿರುತ್ತದೆ. ಗೂಡಿನ ಕೆಳಗೆ ಹಿಕ್ಕೆ ಬಿದ್ದರೆ ವಾಸನೆ ಹಿಡಿದು ಬೆಕ್ಕು ಬರಬಹುದು, ಬಿಳಿ ಕಲೆ ನೋಡಿ ಕಾಗೆ ಬರಬಹುದು. ಅದಕ್ಕೇ ಇಷ್ಟು ಚೊಕ್ಕಟ. ಮೊಟ್ಟೆಯ ಸಿಪ್ಪೆಯನ್ನೂ ಹೀಗೆಯೇ ದೂರ ಒಯ್ದು ಬಿಸಾಡುತ್ತವೆ.

ಈ ದಿನಗಳಲ್ಲಿ ನಮ್ಮನೆಯಲ್ಲಿ ಕೆಲವು ಕಟ್ಟುನಿಟ್ಟು ಇದೆ. ಗೂಡಿರುವ ಕಡೆಯ ಎಲೆಗೆ ಯಾರೂ ಕೈಹಾಕುವಂತಿಲ್ಲ. ಕರಿಬೇವಿನ ವಿಷಯದಲ್ಲಿ ಇದನ್ನು ಪಾಲಿಸುವುದು ಸುಲಭ ಅಲ್ಲ, ಕೇಳಿಕೊಂಡು ಬರುವವರಿಗೆಲ್ಲ ಗೇಟಿನ ಬಳಿಯೇ ನಿಲ್ಲಿಸಿ ನಾನೇ ಬೇರೆ ಕಡೆಯಿಂದ ಕಿತ್ತುಕೊಡುತ್ತೇನೆ. ಗೂಡಿನ ಮೇಲೆ ಮೊಬೈಲ್ ಹಿಡಿದು ಫೋಟೋ ತೆಗೆಯುವಂತಿಲ್ಲ. ಫೋಟೋಗೆ ಅಡ್ಡ ಬರುತ್ತೆ ಅಂತ ಎಲೆ ಬಾಗಿಸುವುದಂತೂ ಇಲ್ಲವೇ ಇಲ್ಲ. ನಾವು ದಿನಾ ಹೋಗಿ ಇಣುಕುವುದನ್ನು ಮೇಲಿಂದ ಕಾಗೆ ನೋಡುತ್ತಿರುತ್ತದೆ. ಗೂಡಿನ ದಾರಿ ತೋರಿಸೋಕೆ ಅದಕ್ಕೆ ನಮಗಿಂತ ಬೇರೆಯವರು ಬೇಕಿಲ್ಲ. ರಾತ್ರಿ ವರಾಂಡಾದ ಲೈಟೂ ಆ ತಿಂಗಳು ಆರಿಸಿರುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ಪಿಕಳಾರದ ಗೂಡು ಉಳಿಯಲಿಲ್ಲ. ಕೆಂಬೂತ ಬಂತು. ಆ ಹಕ್ಕಿ ಹಾರುವುದಕ್ಕಿಂತ ನಡೆಯುವುದೇ ಜಾಸ್ತಿ. ಪೊದೆಯೊಳಗೆ ಒಂದೊಂದೇ ಹೆಜ್ಜೆ ಇಟ್ಟು, ಕೆಂಗಣ್ಣು ಬಿಟ್ಟುಕೊಂಡು, ಎಲೆ ಎಲೆ ತಡಕುತ್ತಾ ಬರುತ್ತದೆ. ಪಿಕಳಾರಗಳೆರಡೂ ತಲೆಮೇಲೆ ಹಾರಿ ಹಾರಿ ಕೂಗಿದವು. ಅದು ಕೇರ್ ಮಾಡಲಿಲ್ಲ. ಮಗ ಕಲ್ಲು ಎತ್ತಿಕೊಂಡ. ನಾನು ಬೇಡ ಅಂದೆ. ಅವನಿಗೆ ಸಿಟ್ಟು ಬಂತು, ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೆಕ್ಕಾಗಿದ್ದರೆ ನಾನೇ ಓಡಿಸುತ್ತಿದ್ದೆ. ಬೆಕ್ಕು ನಾವು ಸಾಕಿ ಬಿಟ್ಟದ್ದು, ಅದರ ಹೊಟ್ಟೆಗೆ ಬೇರೆ ದಾರಿ ಇದೆ. ಕೆಂಬೂತಕ್ಕೂ ಎಲ್ಲೋ ಮರಿಗಳಿರುತ್ತವೆ, ಅಲ್ವಾ? ಬಟ್ಟಲುಗೂಡು ಕಟ್ಟುವ ಸಣ್ಣ ಹಕ್ಕಿಗಳ ಎಷ್ಟೋ ಗೂಡುಗಳು ಹೀಗೇ ಯಾರದೋ ಬಾಯಿಗೆ ಹೋಗುತ್ತವೆ. ಅವೂ ಅದಕ್ಕೆ ತಯಾರಾಗಿಯೇ ಇರುತ್ತವೆ, ಹೋದರೆ ಇನ್ನೊಂದು ಕಟ್ಟುತ್ತವೆ. ನಮ್ಮ ಜೋಡಿಯೂ ಕಟ್ಟಿತು. ಅದೇ ಬೇಸಿಗೆಯಲ್ಲಿ, ಅದೇ ಮರದ ಇನ್ನೂ ಒಳಗಿನ ಕವಲಿನಲ್ಲಿ.

ಬೆಕ್ಕಿಗೆ ನಾವು ಮಾಡಿರುವ ಉಪಾಯ ಇಷ್ಟು. ಕಾಂಡಕ್ಕೆ ಎದೆಮಟ್ಟದಲ್ಲಿ ನುಣುಪಾದ ತಗಡಿನ ಪಟ್ಟಿಯನ್ನು ಸಡಿಲವಾಗಿ ಸುತ್ತಿದ್ದೇವೆ, ಉಗುರು ಹಿಡಿಯೋಕಾಗದು. ಕಾಂಡ ದಪ್ಪವಾದ ಹಾಗೆ ಅದನ್ನು ಬಿಚ್ಚಿ ಕಟ್ಟುತ್ತಿರಬೇಕು, ಇಲ್ಲದಿದ್ದರೆ ಮರಕ್ಕೇ ಉರುಳು. ಕಾಂಪೌಂಡಿಗೆ ತಾಗುವ ಕೊಂಬೆ ಇದ್ದರೆ ಪಟ್ಟಿ ಇದ್ದೂ ಪ್ರಯೋಜನವಿಲ್ಲ, ಬೆಕ್ಕು ಗೋಡೆ ಮೇಲಿಂದ ಬರುತ್ತದೆ. ಅಳಿಲನ್ನೂ ಓತಿಕ್ಯಾತವನ್ನೂ ತಡೆಯುವ ಆಸೆ ಬಿಟ್ಟುಬಿಡಿ.

ಮರಿ ನೆಲಕ್ಕೆ ಬಿದ್ದಿದೆ ಅಂತ ನನಗೆ ಆಗಾಗ ಫೋನ್ ಬರುತ್ತದೆ. ನಾನು ಮೊದಲು ಕೇಳುವುದು, ಮೈಮೇಲೆ ಪುಕ್ಕ ಇದೆಯಾ? ಪುಕ್ಕ ಬಂದು, ಮೋಟು ಬಾಲ ಇದ್ದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಗೂಡು ಬಿಟ್ಟು ಇಳಿದದ್ದು. ಹಾರಾಟ ಕಲಿಯುವ ಮೊದಲು ಹೀಗೆ ನೆಲದಲ್ಲಿ, ಪೊದೆಯಲ್ಲಿ ಕೆಲವು ದಿನ ಇರುತ್ತವೆ. ತಂದೆ ತಾಯಿ ಹತ್ತಿರದಲ್ಲೇ ಇದ್ದು ತಿನ್ನಿಸುತ್ತಿರುತ್ತವೆ. ನಾವು ಎದುರಿಗೆ ನಿಂತಿದ್ದರೆ ಬರುವುದಿಲ್ಲ ಅಷ್ಟೆ. ಅದನ್ನು ಎತ್ತಿಕೊಂಡು ಬಂದು ರಟ್ಟಿನ ಡಬ್ಬದಲ್ಲಿಟ್ಟು ಹಾಲು ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಹಕ್ಕಿಗೆ ಹಾಲು ಅರಗುವುದಿಲ್ಲ. ದಾರಿಯಲ್ಲಿದ್ದರೆ ಎತ್ತಿ ಹತ್ತಿರದ ಪೊದೆಯೊಳಗೆ ಬಿಟ್ಟು ದೂರ ಸರಿಯಿರಿ. ಬೆಕ್ಕು ನಾಯಿಯನ್ನು ಒಳಗೆ ಕೂಡಿಹಾಕಿ. ಪುಕ್ಕವೇ ಇಲ್ಲದ ಬೆತ್ತಲೆ ಮರಿಯಾದರೆ ಅದು ನಿಜಕ್ಕೂ ಬಿದ್ದದ್ದು, ಗೂಡು ಕಂಡರೆ ವಾಪಸ್ ಇಡಿ. ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ ಅನ್ನುವ ಮಾತು ನಿಜವಲ್ಲ. ಅವು ವಾಸನೆ ನೋಡಿ ಮರಿಯನ್ನು ಬಿಡುವುದಿಲ್ಲ. ಗಲಾಟೆ ಜಾಸ್ತಿಯಾದರೆ, ಅದರಲ್ಲೂ ಇನ್ನೂ ಕಟ್ಟುವ ಹಂತದಲ್ಲಿದ್ದರೆ, ಜಾಗ ಬಿಡುತ್ತವೆ.

ನೀರು ಇಡಿ. ಅಗಲವಾದ ಮಣ್ಣಿನ ತಟ್ಟೆ, ಎರಡು ಮೂರು ಬೆರಳು ಆಳ, ನುಣುಪಿಲ್ಲದ ತಳ. ನಡುವೆ ಒಂದು ಕಲ್ಲು. ದಿನಾ ಚೆಲ್ಲಿ, ಉಜ್ಜಿ, ಹೊಸದು ಹಾಕಿ, ಸೊಳ್ಳೆ ಮರಿ ಮಾಡೋಕೆ ಬಿಡಬೇಡಿ. ಗೂಡಿರುವ ಕೊಂಬೆಯ ಕೆಳಗೇ ಇಡಬೇಡಿ, ಸ್ವಲ್ಪ ದೂರ ಇರಲಿ, ನೀರಿಗೆ ಬರುವ ಕಾಗೆಯ ಕಣ್ಣಿಗೆ ಗೂಡು ಬೀಳಬಾರದು.

ಗೂಡಿನ ಡಬ್ಬಗಳ ಬಗ್ಗೆ ಕೇಳುತ್ತಾರೆ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ ಮಾತ್ರ ಅದು ಉಪಯೋಗ. ಗುಬ್ಬಚ್ಚಿಗೆ ಆಗುತ್ತದೆ, 32 ಮಿಲಿಮೀಟರ್ ತೂತು ಸಾಕು. ಮಡಿವಾಳ ಹಕ್ಕಿಗೂ ಆಗುತ್ತದೆ, ತೂತು ಇನ್ನಷ್ಟು ದೊಡ್ಡದು ಬೇಕು. ತೂತಿನ ಕೆಳಗೆ ಕೂರಲು ಅಂತ ಒಂದು ಕಡ್ಡಿ ಸಿಕ್ಕಿಸಿರುತ್ತಾರಲ್ಲ, ಅದನ್ನು ಕಿತ್ತುಹಾಕಿ. ಗುಬ್ಬಚ್ಚಿಗೆ ಅದರ ಅಗತ್ಯವಿಲ್ಲ, ಮೊಟ್ಟೆ ಕದಿಯಲು ಬರುವವರಿಗೆ ಕಾಲಿಡಲು ಜಾಗ. ಪಿಕಳಾರ, ಸೂರಕ್ಕಿ, ಟುವ್ವಿಗೆ ಯಾವ ಡಬ್ಬವೂ ಬೇಡ. ತೆಂಗಿನ ನಾರಿನ ಅಲಂಕಾರದ ಗೂಡು ತಂದು ನೇತುಹಾಕಿ ಮೂರು ವರ್ಷದಿಂದ ಕಾಯುತ್ತಿರುವ ಗೆಳತಿಯೊಬ್ಬಳಿದ್ದಾಳೆ. ಈಚೆಗೆ ಪಿಕಳಾರ ಬಂದು ಅದರ ನಾರು ಕಿತ್ತುಕೊಂಡು ಹೋಗಿ ಬೇರೆ ಕಡೆ ಗೂಡು ಕಟ್ಟಿತಂತೆ. ಅಂತೂ ಉಪಯೋಗಕ್ಕೆ ಬಂತು.

ಕೊಂಬೆ ಸವರುವ ಕೆಲಸ ಗೂಡಿನ ಕಾಲ ಮುಗಿದ ಮೇಲೆ ಇಟ್ಟುಕೊಳ್ಳಿ. ಬೇಸಿಗೆ ಶುರುವಾದಾಗಿನಿಂದ ಮಳೆಗಾಲದವರೆಗೆ ಒಂದಲ್ಲ ಒಂದು ಹಕ್ಕಿ ಒಳಗೆ ಕೂತಿರುತ್ತದೆ. ಕತ್ತರಿಸಲೇಬೇಕಾದರೆ ಮೊದಲು ದೂರ ನಿಂತು ಗಮನಿಸಿ. ಹಕ್ಕಿ ಕೊಕ್ಕಿನಲ್ಲಿ ನಾರೋ ಹುಳವೋ ಹಿಡಿದು ಪದೇ ಪದೇ ಒಂದೇ ಕಡೆ ನುಗ್ಗುತ್ತಿದ್ದರೆ ಕತ್ತಿ ಒಳಗಿಡಿ. ಈಗ ನಮ್ಮ ಗೇಟಿನ ಕಡೆ ಒಂದು ಕೊಂಬೆ ಬಾಗಿ ಬಂದವರ ತಲೆಗೆ ಬಡಿಯುತ್ತಿದೆ. ನಮ್ಮನೆಯವರು ಕತ್ತಿ ಮಸೆದು ತಂದಿದ್ದರು. ತುದಿಯಲ್ಲಿ ಬಲೆಯ ಎಳೆ ಸುತ್ತಿರುವುದನ್ನು ಮೊದಲು ನೋಡಿದ್ದು ಅತ್ತೆ, ಕತ್ತಿಯನ್ನು ಅವರೇ ಈಸಿಕೊಂಡು ಒಳಗಿಟ್ಟಿದ್ದಾರೆ. ಮಳೆಗಾಲದವರೆಗೆ ನಮ್ಮನೆಗೆ ಬರುವವರು ಸ್ವಲ್ಪ ಬಗ್ಗಿಕೊಂಡೇ ಬನ್ನಿ.